ಸಾವಕಾರರಿಗೆ ಒಂದು, ಕಮಲಾಪುರಕ್ಕ ಎರಡು

ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದೊಡನೆ ಜಗದೇವಪ್ಪ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದ.

"ಪುಕ್ಕಟೆ ಅಂದ್ರ? ಯಾರ ಮಾಲು ಅದು?"

"ಯಾರ ಮಾಲೂ ಅಲ್ಲಪ್ಪಾ," ಎಂದಳು ಮಗಳು ಅಮೃತ. "ಕಂಪ್ಯೂಟರಿನ ಸಾಫ್ಟ್‌ವೇರ್ ಅದು, ಯಾವ್ಯಾವ ದೇಶದವರೋ ಕೂಡಿ ಬರದು ಇಟ್ಟಾರ. ಬೇಕಾದವರು ಇಳಿಸ್ಕೋಬೌದು, ತಮಗ ಬೇಕಾದಂಗ ತಿದ್ಕೋಬೌದು. ಎಲ್ಲಾರದೂ ಹೌದು."

"ಎಲ್ಲಾರದೂ ಅಂದ್ರ ಯಾರದೂ ಅಲ್ಲ," ಎಂದು ಮೂಲೆಯಿಂದ ಅಜ್ಜಿ ದುಂಡಮ್ಮ ಹೇಳಿದಳು. "ನಮ್ಮ ಗಿರಣಿ ಇದ್ದಂಗ."

ಯಾರೂ ನಗಲಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದ ಶಾರದಾಬಾಯಿ ತಿರುಗಿಯೂ ನೋಡಲಿಲ್ಲ.

ನಂದೂರಿನಲ್ಲಿ ಬೇಳೆ ಗಿರಣಿ, ಕಮಲಾಪುರದಲ್ಲಿ ತೊಗರಿ ಖರೀದಿಯ ಅಂಗಡಿ, ಕಲಬುರಗಿಯ ಬ್ರಹ್ಮಪುರದಲ್ಲಿ ಮನೆ. ಗಿರಣಿ ಅಣ್ಣ ಜಗದೇವಪ್ಪನ ಕೈಯಲ್ಲಿ, ಅಂಗಡಿ ತಮ್ಮ ಅಣವೀರಪ್ಪನ ಕೈಯಲ್ಲಿ; ಮಾಲು ಕೊಳ್ಳುವ ಗಿರಾಕಿಗಳೂ ಇಬ್ಬರಿಗೆ ಬೇರೆ ಬೇರೆ. ಅಣವೀರಪ್ಪ ವಾರವೆಲ್ಲ ಕಮಲಾಪುರದಲ್ಲೇ ಇದ್ದು, ಶನಿವಾರ ಸಂಜೆ ಕೆಂಪು ಬಾಳೆಯ ಚಿಪ್ಪು ಹಿಡಿದುಕೊಂಡು ಮನೆಗೆ ಬರುವವನು. ವ್ಯಾಪಾರದ ಫೋನು ಮಾತ್ರ ಗಿರಣಿಯಲ್ಲೂ ಇರಲಿಲ್ಲ, ಅಂಗಡಿಯಲ್ಲೂ ಇರಲಿಲ್ಲ, ಮನೆಯ ಪಡಸಾಲೆಯಲ್ಲಿತ್ತು. ಗಿರಣಿಗೆ ಲೈನ್ ಸಿಗದ ಕಾಲದಲ್ಲಿ ಅವರ ತಂದೆ ಹಾಕಿಸಿದ್ದ ನಂಬರು ಅದು. ಬೇಳೆ ಚೀಲಗಳ ಮೇಲೆಲ್ಲ ಅದೇ ಅಚ್ಚಾಗಿತ್ತು. ಸೊಲ್ಲಾಪುರದವನಿರಲಿ, ಹೈದರಾಬಾದಿನವನಿರಲಿ, ಅದಕ್ಕೇ ಫೋನು ಮಾಡಬೇಕು. ಅಣವೀರಪ್ಪನ ಹೆಂಡತಿ ಶಾರದಾಬಾಯಿ ಹಿಟ್ಟಿನ ಕೈ ಒರೆಸಿಕೊಂಡು ಬಂದು ಎತ್ತಬೇಕು. ಅವಳು ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ನಡೆದುಬಂದ ರೂಢಿ. ಯಾರ ದನಿ ಯಾರದು, ಯಾರು ಚೌಕಾಶಿ ಮಾಡಿ ಕೊನೆಗೆ ಒಪ್ಪುತ್ತಾರೆ, ಯಾರು ಮೆತ್ತಗೆ ಮಾತಾಡಿ ಕೈ ಕೊಡುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು. ಕೇಳಿದ ಧಾರಣೆಯನ್ನು ಇಬ್ಬರಿಗೂ ಮುಟ್ಟಿಸುವುದು ಅವಳ ಕೆಲಸ.

ತಕರಾರು ಎದ್ದದ್ದು ಅಲ್ಲಿಂದಲೇ. ದೀಪಾವಳಿಯ ಹೊತ್ತಿಗೆ ಹೈದರಾಬಾದಿನಲ್ಲಿ ಬೇಳೆಯ ಧಾರಣೆ ಒಮ್ಮೆಲೇ ಏರಿತು. ಶಾರದಾಬಾಯಿ ಅದನ್ನು ಮೊದಲು ಗಂಡನಿಗೆ ಹೇಳಿದಳು, ಆಮೇಲೆ ಗಿರಣಿಗೆ. ನಡುವೆ ಒಂದು ಒಲೆ ಆರಿ ಹೊತ್ತುವಷ್ಟು ಹೊತ್ತು; ಅಷ್ಟರಲ್ಲಿ ಅಂಗಡಿಯ ಮಾಲು ಹೊಸ ಧಾರಣೆಗೆ ಹೋಗಿತ್ತು. ಗಿರಣಿಯ ಲೈನು ಸಿಗಲಿಲ್ಲ ಎಂದು ಅವಳು ಹೇಳಿದಳು. ಸಿಗಲಿಲ್ಲವೋ, ತಿರುಗಿಸಲೇ ಇಲ್ಲವೋ ಎಂದು ಜಗದೇವಪ್ಪನ ಹೆಂಡತಿ ಶಿವಕಾಂತಮ್ಮ ಊಟಕ್ಕೆ ಬಡಿಸುತ್ತ ಗೋಡೆಗೆ ಕೇಳಿದಂತೆ ಕೇಳಿದಳು. ಆ ಮಾತು ಮನೆಯಲ್ಲಿ ಹಾಗೇ ಉಳಿಯಿತು.

ಹಾಗಾಗಿ, ಎಂಸಿಎ ಮುಗಿಸಿ ವರ ನೋಡುವವರ ಮುಂದೆ ಚಹಾದ ತಾಟು ಹಿಡಿದು ಬೇಸತ್ತಿದ್ದ ಅಮೃತ, ಗಿರಣಿಯ ಹಳೆಯ ಕಂಪ್ಯೂಟರನ್ನೇ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುತ್ತೇನೆ ಎಂದಾಗ ಜಗದೇವಪ್ಪ ಬೈದನೇ ಹೊರತು ಬೇಡ ಎನ್ನಲಿಲ್ಲ. ಕರೆ ಬಂದೊಡನೆ ಕಂಪ್ಯೂಟರೇ ಎತ್ತುತ್ತದೆ, ಮಾತಾಡುತ್ತದೆ. ಒಂದು ಒತ್ತಿದರೆ ಗಿರಣಿಯಲ್ಲಿ ಗಂಟೆ, ಎರಡು ಒತ್ತಿದರೆ ಕಮಲಾಪುರದಲ್ಲಿ ಗಂಟೆ. ಬ್ರಾಡ್‌ಬ್ಯಾಂಡ್ ಇದ್ದರೆ ಸಾಕು.

"ಅಂದ್ರ ನಡುವ ಯಾರೂ ಇರಂಗಿಲ್ಲ," ಎಂದ ಜಗದೇವಪ್ಪ.

"ಯಾರೂ ಬೇಕಾಗಂಗಿಲ್ಲ."

"ಹಂಗಿದ್ರ ಹಚ್ಚು."

ಗಿರಣಿಯ ಹೊಟ್ಟಿನ ಧೂಳಿಗೆ ಕಂಪ್ಯೂಟರ್ ಬಾಳುವುದಿಲ್ಲವೆಂದು ಅದನ್ನು ಪಡಸಾಲೆಯಲ್ಲೇ ಇಟ್ಟರು. ಶಿವಕಾಂತಮ್ಮ ಅದಕ್ಕೆ ಹಳೆಯ ಸೀರೆಯ ತುಂಡು ಹೊದಿಸಿದಳು.

ಮಾತಾಡುವ ದನಿ ಯಾರದಿರಬೇಕು ಎಂಬುದರ ಬಗ್ಗೆ ವಾದವಾಗಲಿಲ್ಲ. ವ್ಯಾಪಾರಿಗಳಿಗೆ ಪರಿಚಯವಿದ್ದದ್ದು ಶಾರದಾಬಾಯಿಯ ದನಿ. ಬೇರೆ ದನಿ ಕೇಳಿದರೆ ನಂಬರು ತಪ್ಪಿತೆಂದು ಇಟ್ಟುಬಿಡುತ್ತಾರೆ ಎಂದು ಜಗದೇವಪ್ಪನೇ ಹೇಳಿದ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಮೃತ ಕಾಕಿಯನ್ನು ಫೋನಿನ ಮುಂದೆ ಕೂಡಿಸಿದಳು. ಒಂದು ನಂಬರು ತಿರುಗಿಸಿ, ಸಪ್ಪಳವಾದ ಮೇಲೆ ಹೇಳಬೇಕು. ಮುಗಿದ ಮೇಲೆ ಹ್ಯಾಶ್ ಗುರುತಿನ ಚೌಕಳಿ ಗುಂಡಿ ಒತ್ತಬೇಕು. ಹಳೆಯದು ಅಳಿಸಿ ಹೊಸದು ಕೂಡುತ್ತದೆ. ಹೇಳಬೇಕಾದ್ದನ್ನು ಬರೆದೂ ಕೊಟ್ಟಳು. ಜಗದೇವಪ್ಪ ಅವರಿಗೆ ಒಂದು ಒತ್ತಿರಿ, ಅಣವೀರಪ್ಪ ಅವರಿಗೆ ಎರಡು ಒತ್ತಿರಿ.

ಶಾರದಾಬಾಯಿ ಚೀಟಿ ನೋಡಿ ತಿರುಗಿ ಕೊಟ್ಟಳು.

"ಇದು ನನಗ ಹೇಳಾಕ ಬರಂಗಿಲ್ಲವ್ವಾ."

ಅಮೃತಳಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ನಕ್ಕಳು. ಗಂಡನ ಹೆಸರು ಹೇಳಬಾರದು ಸರಿ, ಮದುವೆಯಲ್ಲಿ ಹೇಳುತ್ತೀರಲ್ಲ, ಹಾಗೆ ಒಡಪು ಹಾಕಿ ಹೇಳು ಎಂದಳು.

"ಹೇಳ್ತಾಳ, ಹೇಳ್ತಾಳ," ಎಂದು ಶಿವಕಾಂತಮ್ಮ ಒಳಗಿನಿಂದ ದನಿ ಎಳೆದಳು. "'ತೊಗರಿ ಹೊಲಕ್ಕ ಹಳದಿ ಹೂವ, ನಮ್ಮ ರಾಯರು ನನ್ನ ಜೀವ' ಅಂತ ಸೊಲ್ಲಾಪುರದ ಶೇಟಜಿಗೆ ಹೇಳ್ತಾಳ. ಅವ ಅಲ್ಲಿಂದ ಕುಪ್ಪಸದ ಖಣ ಕಳಸ್ತಾನ."

ಶಾರದಾಬಾಯಿಯ ಕಿವಿ ಕೆಂಪಾದವು. ರಿಸೀವರ್ ಎತ್ತಿ, ಸಪ್ಪಳವಾದ ಮೇಲೆ, ದಿನಾ ಮಾತಾಡುವ ದನಿಯಲ್ಲೇ ಹೇಳಿದಳು: "ನಮಸ್ಕಾರ ರೀ. ಸಾವಕಾರರಿಗೆ ಒಂದು ಒತ್ತರಿ. ಕಮಲಾಪುರಕ್ಕ ಎರಡು ಒತ್ತರಿ."

ಭಾವನ ಹೆಸರನ್ನೂ ಅವಳು ಎಂದೂ ಹೇಳಿದವಳಲ್ಲ. ಮನೆಯಲ್ಲಿ ಅವನು ಸಾವಕಾರರು. ಗಂಡನನ್ನು ಅವಳು ಕರೆಯುತ್ತಿದ್ದದ್ದು ಕಮಲಾಪುರದವರು ಎಂದು. ಕಮಲಾಪುರದವರು ಊಟ ಮಾಡಿಲ್ಲ, ಕಮಲಾಪುರಕ್ಕೆ ಮೈಯಲ್ಲಿ ಹುಷಾರಿಲ್ಲ, ಹೀಗೆ. ಆ ಊರಿನ ಹೆಸರು ಅವಳ ಬಾಯಲ್ಲಿ ಊರಿನದಾಗಿ ಉಳಿದಿರಲೇ ಇಲ್ಲ. ಮನೆಯ ಎಲ್ಲರಿಗೂ ಇದು ಗೊತ್ತಿತ್ತು. ಫೋನಿನ ಆಚೆ ಇರುವವರಿಗೆ ಗೊತ್ತಿಲ್ಲ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಜಗದೇವಪ್ಪ ಸಂಜೆ ಬಂದು ಕೇಳಿದ. ಇನ್ನೊಮ್ಮೆ ಹಚ್ಚು ಎಂದು ಮತ್ತೆ ಕೇಳಿದ.

"ಛಲೋ ಅದ," ಎಂದ.

ಆ ಶನಿವಾರ ಅಣವೀರಪ್ಪ ಬಾಳೆಹಣ್ಣು ತರಲಿಲ್ಲ. ಚಪ್ಪಲಿ ಬಿಟ್ಟವನು ಕೈಕಾಲು ತೊಳೆಯದೆ ಪಡಸಾಲೆಯಲ್ಲಿ ನಿಂತ. ಕಲಬುರಗಿಯ ಧಾನ್ಯದ ಪೇಟೆಯಾದ ಗಂಜಿನ ದಲಾಲ ಅಲ್ಲಾಬಕ್ಷ ಕಮಲಾಪುರಕ್ಕೆ ಬಂದಿದ್ದನಂತೆ. ಅಂಗಡಿಯ ತುಂಬ ರೈತರು ಕೂತಿದ್ದರಂತೆ. ಹೊಸ ಫೋನು ಹೇಗಿದೆ ನೋಡೋಣ ಎಂದು ಅವನು ಮೊಬೈಲಿನಿಂದ ಮನೆಯ ನಂಬರು ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಇಟ್ಟನಂತೆ. ರೈತರಲ್ಲಿ ಒಬ್ಬ ಕೇಳಿದ್ದು ಇಷ್ಟೆ: ಸಾವಕಾರರು ಒಬ್ಬರೇ ಏನ್ರಿ, ನೀವು ಗುಮಾಸ್ತರೇನು?

"ಯಾರು ಹೇಳಕೊಟ್ಟರು ನಿನಗ?" ಎಂದು ಅಣವೀರಪ್ಪ ಹೆಂಡತಿಯನ್ನು ಕೇಳಿದ.

"ಯಾರೂ ಹೇಳಕೊಟ್ಟಿಲ್ಲ. ಹೆಸರು ಹ್ಯಾಂಗ ಹೇಳಲಿ ನಾ? ನಿಮಗ ನಾ ಕಮಲಾಪುರ ಅಂತೇ ಅಂತೀನಲ್ಲ."

"ಅದು ಅಡಗಿಮನ್ಯಾಗ. ಬಜಾರದಾಗ ಕಮಲಾಪುರ ಅಂದ್ರ ಒಂದು ಬ್ರ್ಯಾಂಚು."

ಅಮೃತ ಎದ್ದು, ಒಂದು ನಿಮಿಷದ ಕೆಲಸ ಕಾಕಾ, ಬದಲಿ ಮಾಡಿಬಿಡುತ್ತೇನೆ, ನನ್ನ ದನಿಯಲ್ಲೇ ಇಬ್ಬರ ಹೆಸರೂ ಹೇಳುತ್ತೇನೆ ಎಂದಳು. ಊಟಕ್ಕೆ ಕೂತಿದ್ದ ಜಗದೇವಪ್ಪ ಪುಂಡಿಪಲ್ಯ ಕಲಸುತ್ತಲೇ ಹೇಳಿದ: "ಸುಗ್ಗಿ ಸುರು ಆಗ್ಯದ. ಈಗ ಅದಕ್ಕ ಕೈ ಹಚ್ಚಬ್ಯಾಡ. ವ್ಯಾಪಾರಸ್ಥರು ಗೊಂದಲಕ್ಕ ಬೀಳ್ತಾರ."

"ಗೊಂದಲಕ್ಕ ಬಿದ್ದಾರಲ್ಲಣ್ಣಾ ಆಗಲೇ."

"ನಿನ್ನ ಹೆಂಡ್ತಿ ಬಾಯಿಂದ ಬಂದ ಮಾತು. ನನ್ನ ಯಾಕ ಕೇಳ್ತಿ?"

ಶಾರದಾಬಾಯಿ ರೊಟ್ಟಿ ತಂದು ಗಂಡನ ತಾಟಿಗೆ ಹಾಕಿದಳು. ಅವನು ತಾಟನ್ನು ಸರಿಸಿ ಎದ್ದುಹೋದ. ದುಂಡಮ್ಮ ಆ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಸಿಕೊಂಡು, ಹಾಲಿನಲ್ಲಿ ಅದ್ದಿ ಹಲ್ಲಿಲ್ಲದ ಬಾಯಲ್ಲಿ ತಿಂದಳು.

ಮುಂದಿನ ವಾರಗಳಲ್ಲಿ ತೊಗರಿಯ ಗಾಡಿಗಳು ಬಂದವು. ಪಡಸಾಲೆಯ ಫೋನು ಗಣಗಣಿಸುವುದು ನಿಂತಿತು. ಸೀರೆ ಹೊದ್ದ ಪೆಟ್ಟಿಗೆ ಮೆಲ್ಲಗೆ ಗುಂಯ್ ಎನ್ನುತ್ತಿತ್ತು, ಅದರ ಮೈಯ ಮೇಲೆ ಹಸಿರು ದೀಪ ಮಿಣುಕಿದಾಗ ಯಾರೋ ಎಲ್ಲೋ ತನ್ನ ದನಿಯನ್ನು ಕೇಳುತ್ತಿದ್ದಾರೆ ಎಂದು ಶಾರದಾಬಾಯಿಗೆ ತಿಳಿಯುತ್ತಿತ್ತು. ಕಸ ಗುಡಿಸುವಾಗ ಅದನ್ನು ಸುತ್ತಿ ಗುಡಿಸುತ್ತಿದ್ದಳು. ಒಂದು ದಿನ ಸುಮ್ಮನೆ ಕೂತಿದ್ದನ್ನು ಕಂಡು ಶಿವಕಾಂತಮ್ಮ, ಈಗ ಕೈ ಬಿಡುವಾಗಿದೆಯಲ್ಲ, ಹಪ್ಪಳದ ಹಿಟ್ಟು ಕುಟ್ಟು ಎಂದಳು. ಕುಟ್ಟಿದಳು.

ಕಮಲಾಪುರದಲ್ಲಿ ಕರೆಂಟು ಹೋದರೆ ಬ್ರಾಡ್‌ಬ್ಯಾಂಡೂ ಹೋಗುತ್ತಿತ್ತು. ಆಗ ಎರಡು ಒತ್ತಿದ ಕರೆ ಒಂದಕ್ಕೆ ಹೊರಳುವಂತೆ ಅಮೃತ ಬರೆದಿದ್ದಳು. ಕರೆ ಎಲ್ಲಿಯಾದರೂ ಹೋಗಿ ಮುಟ್ಟಬೇಕಲ್ಲ ಎಂದು. ಮುಟ್ಟಿತು. ಅಣವೀರಪ್ಪನನ್ನು ಕೇಳಿ ಬಂದ ಹೈದರಾಬಾದಿನ ಹಳೆಯ ಗಿರಾಕಿಗೆ ಜಗದೇವಪ್ಪ ತಾನೇ ಮಾಲು ಕೊಟ್ಟ. ಆಮೇಲೆ ಇನ್ನೊಬ್ಬನಿಗೆ. ತಮ್ಮನಿಗೆ ಹೇಳಿ ಕಳಿಸಲಿಲ್ಲ; ಅವನಿಗೆ ಅದು ಗಿರಾಕಿಗಳ ಬಾಯಿಂದಲೇ ತಿಳಿಯಿತು.

ಎಳ್ಳಮವಾಸ್ಯೆಯ ದಿನ ಎಲ್ಲರೂ ಕಮಲಾಪುರದ ದಾರಿಯ ಹೊಲಕ್ಕೆ ಹೋದರು. ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದು ಬೇವಿನ ನೆರಳಿನಲ್ಲಿ ಕೂತರು. ಸಜ್ಜೆಯ ರೊಟ್ಟಿ, ಭಜ್ಜಿ, ಕಡುಬು, ಅಂಬಲಿ. ಬಡಿಸುವ ತನಕ ಎಲ್ಲ ಸರಿಯಾಗಿಯೇ ಇತ್ತು. ಕಡುಬು ಹಾಕುವಾಗ ಶಿವಕಾಂತಮ್ಮ ಮೈದುನನಿಗೆ ಎರಡು ಹಾಕಲೋ ಒಂದು ಹಾಕಲೋ ಎಂದು ಕೇಳಿದಳು. ಬೇಕೆಂದೇ ಕೇಳಿದಳೋ ಏನೋ.

"ಎರಡು ಒತ್ತಿದ್ರೂ ಒಂದಕ್ಕೇ ಹೋಗ್ತದಲ್ಲ ವೈನಿ," ಎಂದ ಅಣವೀರಪ್ಪ. "ಎಲ್ಲಾ ಅಣ್ಣನ ತಾಟಿಗೇ ಹಾಕಿಬಿಡ್ರಿ."

ಜಗದೇವಪ್ಪ ನೆಟ್ಟಗೆ ಕೂತ. "ಏನದ ನಿನ್ನ ಮಾತು? ಬಾಯಿ ಬಿಟ್ಟು ಹೇಳು."

"ನನ್ನ ಪಾಲಿನ ಹಿಸ್ಸೆ ಬೇಕು."

"ತಗೋ. ಗಿರಣಿ ಬೆಳಿಸಿದವ ನಾ. ನೀ ಕಮಲಾಪುರದಾಗ ಕೂತು ಚೀಲ ಎಣಿಸಿದವ. ಎಷ್ಟು ಹಿಸ್ಸೆ ಬರ್ತದೋ ಮಹಾದೇವಪ್ಪ ಮಾವನ್ನ ಕೂಡಿಸಿ ಕೇಳೋಣು. ನಿನ್ನ ಹೆಂಡ್ತಿನೇ ಊರಿಗೆಲ್ಲ ಹೇಳ್ಯಾಳ ಸಾವಕಾರ ಯಾರಂತ."

ದುಂಡಮ್ಮ ಅಂಬಲಿಯ ಬಟ್ಟಲು ಕೆಳಗಿಟ್ಟಳು. ಮಕ್ಕಳಿಬ್ಬರನ್ನೂ ನೋಡಲಿಲ್ಲ, ಕಿರಿಯ ಸೊಸೆಯ ಕಡೆ ತಿರುಗಿದಳು.

"ಎರಡು ಮಾತು ಆಡಿದಿ. ಮನಿ ಎರಡು ಮಾಡಿದಿ."

ಆ ದಿನದಿಂದ ಅದೇ ಮಾತು ಗಟ್ಟಿಯಾಯಿತು. ನೀರಿಗೆ ಬಂದ ನೆರೆಯವರ ಮುಂದೆ ಶಿವಕಾಂತಮ್ಮ ಅದನ್ನೇ ಹೇಳಿದಳು. ಗುಡಿಯಲ್ಲಿ ಯಾರೋ ಶಾರದಾಬಾಯಿಯನ್ನು ನೋಡಿ, ಫೋನಿನ ಬಾಯಿ ಬಂತು ಎಂದರು. ಮನೆ ಒಡೆದರೆ ಒಡೆಯಲಿ, ಅದನ್ನು ತಾನು ಒಡೆದೆ ಎಂಬ ಮಾತು ತಲೆಯ ಮೇಲೆ ಹೊತ್ತು ಈ ಓಣಿಯಲ್ಲಿ ಬಾಳುವುದು ಹೇಗೆ ಎಂಬುದೊಂದೇ ಅವಳಿಗೆ ಉಳಿದ ಚಿಂತೆ.

ಒಂದು ಮಧ್ಯಾಹ್ನ ಶಿವಕಾಂತಮ್ಮ ಮಲಗಿದಾಗ ಅವಳು ಅಮೃತಳನ್ನು ಕರೆದಳು. ಹೆಸರು ಹೇಳುತ್ತೇನೆ, ಹಚ್ಚು ಎಂದಳು. ಅಮೃತ ಒಮ್ಮೆ ಅವಳ ಮುಖ ನೋಡಿ ಫೋನು ಕೊಟ್ಟಳು. ಸಪ್ಪಳವಾಯಿತು. ಶಾರದಾಬಾಯಿ ಬಾಯಿ ತೆರೆದಳು. ಅ ಎಂಬಷ್ಟೇ ಬಂತು. ಮತ್ತೆ ಹಚ್ಚಿದರು. ಮೂರನೆಯ ಸಲ ಬಂದೇಬಿಡುತ್ತಿತ್ತು, ಆದರೆ ಮೊದಲು ಅವರನ್ನು ಕೇಳಬೇಕು ಎನಿಸಿತು. ಅಮೃತಳ ಮೊಬೈಲಿನಿಂದ ಗಂಡನಿಗೆ ಹಚ್ಚಿದಳು. ನಿಮ್ಮ ಹೆಸರು ಹಾಕುತ್ತೇನೆ, ಇಬ್ಬರ ಹೆಸರೂ ಸರಿಸಮ ಬರುತ್ತದೆ, ಹಿಸ್ಸೆಯ ಮಾತು ಬಿಡಿ ಎಂದಳು.

"ಬ್ಯಾಡ," ಎಂದ ಅಣವೀರಪ್ಪ. "ಹಂಗೇ ಇರಲಿ. ಮಹಾದೇವಪ್ಪ ಮಾವ ಬಂದಾಗ ಅವರ ಕಿವೀಲೆ ಕೇಳಬೇಕು ಅದನ್ನ. ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ."

"ಮತ್ತ ನನ್ನ ಮ್ಯಾಲ ಸಿಟ್ಟಾಗಿದ್ರಿ?"

"ಸಿಟ್ಟು ಬ್ಯಾರೆ, ಕೆಲಸ ಬ್ಯಾರೆ. ಇಲ್ಲಿ ನನ್ನ ಹೆಸರಿನ ಹೊಸ ಬೋರ್ಡಿಗೆ ಹೇಳೀನಿ. ನೀ ಅಲ್ಲೇ ಇರು. ನೀನೂ ಬಂದುಬಿಟ್ರ ಆ ಮನ್ಯಾಗ ನಮ್ಮ ಹಕ್ಕಿಗೆ ಯಾರು ಇರಬೇಕು?"

ಅವಳು ಮೊಬೈಲನ್ನು ಅಮೃತಳಿಗೆ ಕೊಟ್ಟಳು. ಅಣ್ಣನೂ ಅದಕ್ಕೆ ಕೈ ಹಚ್ಚಬೇಡ ಎಂದಿದ್ದ, ತಮ್ಮನೂ ಮುಟ್ಟಬೇಡ ಎಂದ.

"ಏನಂದ್ರು ಕಾಕಾ?"

"ಇಬ್ಬರೂ ಒಂದೇ ಅಂದ್ರು," ಎಂದು ಹೇಳಿ ಜೋಳ ಹಸನು ಮಾಡಲು ಮೊರ ತೆಗೆದುಕೊಂಡಳು.

ಹಿಸ್ಸೆಯ ಪಂಚಾಯ್ತಿಯ ದಿನ ಬೆಳಗ್ಗೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಸ್ನಾನ ಮಾಡಿದವಳು ಶಾರದಾಬಾಯಿ. ವಿಭೂತಿ ಹಚ್ಚಿಕೊಂಡು, ಪಡಸಾಲೆಗೆ ಬಂದು, ಫೋನು ಎತ್ತಿ ಅಮೃತ ಕಲಿಸಿದ ನಂಬರು ತಿರುಗಿಸಿದಳು. ಹೇಳಿದಳು. ಚೌಕಳಿ ಗುಂಡಿ ಒತ್ತಿದಳು. ಆಮೇಲೆ ಹೋಗಿ ಒಲೆ ಹೊತ್ತಿಸಿದಳು.

ಮಹಾದೇವಪ್ಪ ಅಣ್ಣತಮ್ಮಂದಿರ ಸೋದರಮಾವ. ಎರಡೂ ಕಡೆ ಸಲ್ಲುವ ಮನುಷ್ಯ. ಬಂದವನೇ ಇಬ್ಬರ ಮೊಬೈಲನ್ನೂ ಬಂದ್ ಮಾಡಿಸಿ ತಾಟಿನಲ್ಲಿ ಇಡಿಸಿದ. ಸುಗ್ಗಿಯ ದಿನ, ವ್ಯಾಪಾರ ನಿಲ್ಲಬಾರದೆಂದು ಅಮೃತ ಒಂದಕ್ಕೂ ಎರಡಕ್ಕೂ ಪಡಸಾಲೆಯಲ್ಲೇ ಗಂಟೆ ಆಗುವಂತೆ ಮಾಡಿದ್ದಳು. ಕೆಂಪು ಫೋನು ಜಗದೇವಪ್ಪನ ಮುಂದೆ, ಕರಿಯದು ಅಣವೀರಪ್ಪನ ಮುಂದೆ. ನಡುವೆ ಮಹಾದೇವಪ್ಪನ ಅಡಿಕೆ ಚೀಲ.

ಗಿರಣಿಯ ಮಾತಾಯಿತು, ಅಂಗಡಿಯ ಮಾತಾಯಿತು, ಅಪ್ಪನ ಕಾಲದ ಮಾತಾಯಿತು. ಅವ್ವನನ್ನು ಯಾರು ಇಟ್ಟುಕೊಳ್ಳಬೇಕು ಎಂಬಲ್ಲಿಗೆ ಬಂದಾಗ ಇಬ್ಬರೂ ಒಮ್ಮೆಲೇ ಮಾವನ ಅಡಿಕೆ ಚೀಲಕ್ಕೆ ಕೈ ಹಾಕಿದರು. ಆಗಲೇ ಜಗದೇವಪ್ಪನ ಕಣ್ಣು ಕೆಂಪು ಫೋನಿನ ಮೇಲೆ ಬಿತ್ತು.

"ಬೆಳಗಿಂದ ಒಂದೂ ಫೋನ್ ಬಂದಿಲ್ಲ," ಎಂದ.

"ನನಗೂ ಬಂದಿಲ್ಲ."

"ನಿನಗ ಯಾಕ ಬರ್ತದ? ಆ ಹೊಸ ಬೋರ್ಡಿನ ನಂಬರಿಗೆ ಹೊಳ್ಳಿಸಿರಬೇಕು ಎಲ್ಲಾ."

"ನಾ ಹೊಳ್ಳಿಸೀನಿ? ಮಷೀನು ನಿನ್ನ ಮಗಳದು, ಅಣ್ಣಾ. ಎರಡು ಒತ್ತಿದ್ದನ್ನ ಒಂದಕ್ಕ ಹೊಳ್ಳಿಸವರು ಯಾರು? ಈಗ ಎಲ್ಲಿಗೆ ಹೊಳ್ಳಿಸೀರಿ?"

"ಕಳ್ಳ."

"ನೀ ಕಲಿಸಿದ್ದು."

ಮಹಾದೇವಪ್ಪ ಕೈ ಎತ್ತಿದ. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಯ ಸದ್ದು. ಅಲ್ಲಾಬಕ್ಷ ಬಂದಿದ್ದ, ಬೆನ್ನಿಗೆ ಗಂಜಿನ ಇನ್ನೂ ನಾಲ್ಕಾರು ಮಂದಿ. ಎಲ್ಲರೂ ಹೊಸ್ತಿಲ ಹೊರಗೇ ನಿಂತರು. ಒಬ್ಬನ ಕೈಯಲ್ಲಿ ಹೂವಿನ ಹಾರವಿತ್ತು. ಒಳಗೆ ಕೂತವರನ್ನು ಒಬ್ಬೊಬ್ಬರಾಗಿ ನೋಡಿ, ಹಾರವನ್ನು ಬೆನ್ನ ಹಿಂದೆ ಸರಿಸಿದ. ಅಲ್ಲಾಬಕ್ಷ ಟೋಪಿ ಸರಿಮಾಡಿಕೊಂಡು ಬಹಳ ಮೆತ್ತಗೆ ಕೇಳಿದ.

"ಸಾವಕಾರ್, ಯಾರು ಹೋದ್ರು ರೀ?"

"ಯಾರು ಹೋದ್ರು ಅಂದ್ರ?" ಎಂದ ಜಗದೇವಪ್ಪ.

"ಫೋನ್ ಹಚ್ಚಿದ್ರ ನಿಮ್ಮ ಮನಿ ಬಾಯಿಯವರು ಹೇಳಾಕತ್ತಾರ್ರಿ. 'ಈ ಮನ್ಯಾಗ ಮಾತಾಡವರು ಯಾರೂ ಉಳದಿಲ್ಲ, ಫೋನ್ ಇಟ್ಟುಬಿಡ್ರಿ' ಅಂತ. ಗಂಜಿನ್ಯಾಗ ಎಲ್ಲಾರೂ ಕೇಳ್ಯಾರ. ಖೈರಿಯತ್ ಇಲ್ಲ, ಏನೋ ಕೆಟ್ಟದಾಗ್ಯದ ಅಂತ ತಿಳದು ದುಕಾನ್ ಬಂದ್ ಮಾಡಿ ಬಂದೀವಿ."

ಎಲ್ಲರ ಕಣ್ಣೂ ದುಂಡಮ್ಮನ ಕಡೆ ಹೋಯಿತು. ದುಂಡಮ್ಮ ಗೋಡೆಗೆ ಒರಗಿ ಕೂತಿದ್ದಳು, ಅವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು.

"ನಾ ಇನ್ನೂ ಇದೀನಿ," ಎಂದಳು. "ನನ್ನ ಯಾರ ಹಿಸ್ಸೆಗೆ ಹಾಕ್ಬೇಕಂತ ಕೂತಾರ."

ಅಣವೀರಪ್ಪ ಎದ್ದು ನಿಂತು ಅಡುಗೆಮನೆಯ ಕಡೆ ತಿರುಗಿದ. "ಏ, ಬಾ ಇಲ್ಲಿ ಹೊರಗ."

ಶಾರದಾಬಾಯಿ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು, ಒರೆಸಿಕೊಂಡಿರಲಿಲ್ಲ. ಗಂಡ ಏನು ಕೇಳಬೇಕೆಂದಿದ್ದನೋ, ಹೊರಗಿನವರ ಮುಂದೆ ಕೇಳದೆ ಮತ್ತೆ ಕೂತ. ಶಿವಕಾಂತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಾರದಾಬಾಯಿ ಅವರಾರನ್ನೂ ನೋಡದೆ ಹೊಸ್ತಿಲ ತನಕ ಹೋದಳು.

"ಒಳಗ ಬರ್ರಿ, ಅಲ್ಲಾಬಕ್ಷ ಅಣ್ಣಾ," ಎಂದಳು. "ಯಾರೂ ಸತ್ತಿಲ್ಲ. ಇವರು ಜಗದೇವಪ್ಪ, ಇವರು ಅಣವೀರಪ್ಪ. ಮನಿ ಒಡ್ಯಾಕ ಕೂತಾರ, ಇಬ್ಬರೂ ತಾವೇ. ಯಾರು ಯಾಕ ಅಂತ ಅವರನ್ನೇ ಕೇಳ್ರಿ. ಇನ್ನ ಮ್ಯಾಲ ನಾ ಯಾರ ಮಾತೂ ಯಾರಿಗೂ ಮುಟ್ಟಸಂಗಿಲ್ಲ."

ಹೆಸರುಗಳು ಅಷ್ಟು ಸಲೀಸಾಗಿ ಬಂದವೆಂದು ಅವಳಿಗೆ ಗೊತ್ತಾದದ್ದು ಹೇಳಿ ಮುಗಿಸಿದ ಮೇಲೆಯೇ. ಅಣವೀರಪ್ಪ ಕೆನ್ನೆಗೆ ಏಟು ಬಿದ್ದವನಂತೆ ಅವಳನ್ನು ನೋಡುತ್ತಿದ್ದ. ಅವಳು ಅಲ್ಲಿಂದ ಸರಿಯಲಿಲ್ಲ. ಅವನು ಕಣ್ಣು ಬೇರೆ ಕಡೆ ಹೊರಳಿಸುವ ತನಕ ನಿಂತೇ ಇದ್ದಳು.